ತೊಟ್ಟು ತುದಿ ಚಿವುಟಿದ ಚಿತ್ರ

ಪರದೆಯ ಮೇಲೆ ಒಂದು ಬಾಗಿಲಿತ್ತು. ಬಾಗಿಲ ಎಡಬಲಕ್ಕೆ ಹೊಸದಾಗಿ ಸುಣ್ಣ ಬಳಿದ ಗೋಡೆ, ಬಿಸಿಲಿಗೆ ಕಣ್ಣು ಕುಕ್ಕುವ ಬಿಳುಪು. ಗೋಡೆಯ ಮುಂದೆ ಪೆಂಡಾಲಿನ ಅಂಚಿಗೆ ಕುರ್ಚಿ ಹಾಕಿಕೊಂಡು ಕೂತ ಗಂಡಸರು, ಅವರ ಎತ್ತಿದ ಕೈಗಳು. ಬಾಗಿಲ ಒಳಗೆ ಮಾತ್ರ ಏನೂ ಇರಲಿಲ್ಲ. ರೊಟ್ಟಿ ಹಂಚಿನ ಬೆನ್ನಿಗೆ ಹತ್ತಿದ ಮಸಿಯಂಥ ಕಪ್ಪು, ಅಷ್ಟೇ.

"ನೋಡ್ರಿ ಸಾಹೇಬ್ರ, ಕಣ್ಣು ತುಂಬ ನೋಡ್ರಿ," ಎಂದ ಬಿಳೇಕಟ್ಟಿ ಪಂಚಾಯ್ತಿಯ ಅಧ್ಯಕ್ಷ ಶಂಕ್ರಪ್ಪ. "ಒಳಗ ಒಂದು ನರಪಿಳ್ಳಿನೂ ಇಲ್ಲ. ಬಾಗ್ಲಾನ ಕೈ ಎತ್ತಿತೇನ್ರಿ ಹಂಗಾರ?"

ಅವನ ಹಿಂದೆ ನಿಂತವರು ನಕ್ಕರು. ಆ ನಗು ತನ್ನ ತಾಯಿ ರೋಶನಬಿಯ ಮುಖಕ್ಕೆ ಬಡಿದದ್ದನ್ನು ಗುಲ್ನಾಜ ನೋಡಿದಳು. ಆ ಕಪ್ಪಿನೊಳಗೆ ಕೂತಿದ್ದವಳು ರೋಶನಬಿ. ಕೈ ಎತ್ತಿದ್ದವಳೂ ಅವಳೇ. ಈಗ ಪಂಚಾಯ್ತಿ ಕಚೇರಿಯ ಗೋಡೆಗೆ ಬೆನ್ನು ಕೊಟ್ಟು ನಿಂತು, ತಾನು ಇರಲೇ ಇಲ್ಲ ಎಂಬ ಮಾತನ್ನು ಕಣ್ಣೆದುರೇ ಕೇಳಿಸಿಕೊಳ್ಳುತ್ತಿದ್ದಳು.

ಜಗಳ ಎಲಿಮನಿಯದು. ಬಿಳೇಕಟ್ಟಿ ಸವಣೂರು ಸೀಮೆಯ ವೀಳ್ಯದೆಲೆಯ ಊರು. ತೋಟದಿಂದ ಬೆಳಿಗ್ಗೆ ಕಿತ್ತ ಎಲೆ ಈ ಎಲಿಮನಿಗೆ ಬರುತ್ತದೆ. ಹೆಂಗಸರು ಅಲ್ಲಿ ಕೂತು ನೀರು ಚಿಮುಕಿಸಿ, ಎಳೆಯದು ಬಲಿತದ್ದು ಬೇರೆ ಮಾಡಿ, ಕಟ್ಟು ಕಟ್ಟುತ್ತಾರೆ. ಅಲ್ಲಿಂದ ಸವಣೂರಿಗೆ, ಹಾನಗಲ್ಲಿಗೆ, ಅಕ್ಕಿಆಲೂರ ಸಂತೆಗೆ. ಎಲೆಗೆ ಬಿಸಿಲು ಆಗದು, ಒಣಗಾಳಿ ಆಗದು. ಅದಕ್ಕೇ ಎಲಿಮನಿಗೆ ಕಿಟಕಿಯಿಲ್ಲ. ಒಂದೇ ಬಾಗಿಲು, ಒಳಗೆ ತಂಪು, ಕತ್ತಲು. ಶಂಕ್ರಪ್ಪನಿಗೆ ಅದನ್ನು ಒಡೆದು ರಸ್ತೆಯ ಕಡೆ ಶಟರ್ ಹಾಕಿ ಮಳಿಗೆ ಮಾಡುವ ಉಮೇದು. ಮಳಿಗೆಗಳು ಯಾರಿಗೆ ಸಿಗುತ್ತವೆ ಎಂಬುದು ಊರಿಗೆಲ್ಲ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಕೇಳಿದವರು ಎಲಿಮನಿಯ ಹೆಂಗಸರು. ಗ್ರಾಮಸಭೆ ನಡೆದದ್ದು ಎಲಿಮನಿಯ ಅಂಗಳದಲ್ಲೇ. ಅಂದು ಕಿತ್ತ ಎಲೆ ಒಳಗೆ ರಾಶಿ ಬಿದ್ದಿತ್ತು. ಅದನ್ನು ಬಿಟ್ಟು ಬಂದರೆ ಬಾಡುತ್ತದೆ, ಹೊರಗೆ ತಂದರೆ ಸುಡುತ್ತದೆ. ಹಾಗಾಗಿ ಅವರು ಕೂತಲ್ಲಿಂದಲೇ ಕೇಳಿದರು, ಕೂತಲ್ಲಿಂದಲೇ ಬೈದರು, ಎಲಿಮನಿ ಒಡೆಯಬಾರದು ಎನ್ನುವವರು ಕೈ ಎತ್ತಿ ಎಂದಾಗ ಕೂತಲ್ಲಿಂದಲೇ ಕೈ ಎತ್ತಿದರು. ಅಷ್ಟರಲ್ಲಿ ಗದ್ದಲವೆದ್ದು ಎಣಿಕೆ ಕೆಟ್ಟಿತು. ವಿಡಿಯೊ ಐತಲ್ಲ, ಅದನ್ನ ನೋಡಿ ಎಣಸೂಣು ಎಂದು ಸಭೆ ಮುಗಿಸಿದರು. ಆಮೇಲೆ ಪಂಚಾಯ್ತಿಯ ಕಂಪ್ಯೂಟರಿನಲ್ಲಿ ವಿಡಿಯೊ ಹಚ್ಚಿ ಎಣಿಸಿದರೆ ಬಾಗಿಲ ಒಳಗೆ ಯಾರೂ ಇಲ್ಲ. ಆರು ಕೈ ಹೆಚ್ಚಿಗೆ ಬಂದು ಮಳಿಗೆಯ ಠರಾವು ಪಾಸಾಯಿತು. ಹೆಂಗಸರನ್ನು ಇಲ್ಲವೆನ್ನಲು ಈ ನಾಡಿನಲ್ಲಿ ಎಂದೂ ಯಂತ್ರ ಬೇಕಾಗಿರಲಿಲ್ಲ; ಈ ಸಲ ಅದೂ ಕೈಗೆ ಸಿಕ್ಕಿತ್ತು.

ಹೆಂಗಸರು ತಕರಾರು ಹಾಕಿದರು. ವಿಚಾರಣೆಗೆ ಹಿರೇಕೆರೂರ ಕಡೆಯ ಸುಯಮೀಂದ್ರ ಎಂಬ ಅಧಿಕಾರಿ ಬಂದರು. ಹಂಸಭಾವಿ ಹತ್ತಿರದ ಹಳೆಯ ವೈಷ್ಣವ ಮನೆತನ, ತೆಳ್ಳಗಿನ ಆಳು, ಮಾತು ಕಡಿಮೆ. ಅವರ ತೀರ್ಮಾನ ಇವತ್ತೇ. ಠರಾವು ಊರ್ಜಿತವಾದರೆ ಎಲಿಮನಿಗೆ ನಾಳೆಯೇ ಬೀಗ.

"ಸಾಹೇಬ್ರ, ಇದ ವಿಡಿಯೊ ನನ್ನ ಲ್ಯಾಪ್‌ಟಾಪಿನ್ಯಾಗ ನೋಡ್ರಿ," ಎಂದಳು ಗುಲ್ನಾಜ.

ಅವಳು ಶಿಗ್ಗಾವಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವಳು, ಬಿಡುವಿನಲ್ಲಿ ಮದುವೆಯ ವಿಡಿಯೊ ಎಡಿಟ್ ಮಾಡುವವಳು. ಅದಕ್ಕೂ ಮೊದಲು ಸವಣೂರಿನ ಓದು ಬಳಗದಲ್ಲಿ ಬೆಳೆದವಳು. ಅಲ್ಲಿ ಭಾನುವಾರಕ್ಕೊಮ್ಮೆ ಒಬ್ಬರು ಓದುತ್ತಾರೆ, ಉಳಿದವರು ಜಗಳಾಡುತ್ತಾರೆ. ಯಾವ ಪುಟ ಬಂದರೂ ಮೊದಲ ಪ್ರಶ್ನೆ ಒಂದೇ: ಇದರಲ್ಲಿ ಯಾರನ್ನು ಬಿಟ್ಟಿದ್ದಾರೆ?

ಲ್ಯಾಪ್‌ಟಾಪಿನ ಪರದೆಯಲ್ಲಿ ಅದೇ ಬಾಗಿಲು ಬಂತು. ಒಳಗೆ ಹೆಂಗಸರಿದ್ದರು. ಮಬ್ಬು, ಆದರೆ ಇದ್ದರು. ಎಲೆಯ ರಾಶಿ, ಅದರ ಸುತ್ತ ತಲೆಗಳು, ಸೆರಗು, ಎತ್ತಿದ ಕೈ, ಕೈಯೊಳಗಿನ ಬಳೆ.

"ಯವ್ವಾ, ನಾ ಅಲ್ಲೇನ ಅಕಿ?" ಎಂದಳು ರೋಶನಬಿಯ ಪಕ್ಕದಲ್ಲಿದ್ದ ಮಂಜವ್ವ, ಎಲಿಮನಿಯಲ್ಲಿ ಎಲ್ಲರಿಗಿಂತ ದೊಡ್ಡ ದನಿಯವಳು. "ನನ್ನ ಮೂಗು ಅಷ್ಟ ದಪ್ಪ ಐತೇನ?"

ಶಂಕ್ರಪ್ಪ ಅವಸರ ಮಾಡಲಿಲ್ಲ. ಕಿಸೆಯಿಂದ ಫೋನು ತೆಗೆದು ಸುಯಮೀಂದ್ರರ ಮುಂದೆ ಹಿಡಿದ. "ಇದೂ ನೋಡಿಬಿಡ್ರಿ ಸಾಹೇಬ್ರ. ಇದ ಬಾಗ್ಲಾ, ಇದ ಹೆಣ್ಮಕ್ಕಳು. ಆದ್ರ ಇಲ್ಲಿ ಟ್ಯೂಬ್‌ಲೈಟ್ ಹಚ್ಚಿದಂಗ ಕಾಣ್ತಾರ. ಓದು ಬಳಗದ ಗ್ರೂಪಿಗೆ ಈ ತಂಗೀನ ಹಾಕಿದ್ದು. ಒಂದ ವಿಡಿಯೊದಾಗ ಮೂರು ನಮೂನಿ. ಮದುವಿ ವಿಡಿಯೊ ಮಾಡಾಕಿರಿ ಇಕಿ, ಕರ್ರಗಿನ ಮದುಮಗಳನ್ನ ಬೆಳ್ಳಗ ಮಾಡಿ ಕೊಡ್ತಾಳ. ಬಾಗ್ಲಾಗ ನಾಕು ಮಂದೀನ ಕುಂಡ್ರಸೂದು ಇಕಿಗೆ ಯಾವ ದೊಡ್ಡ ಕೆಲಸ?"

ಈ ಸಲದ ನಗು ಜೋರಾಗಿತ್ತು. ಗುಲ್ನಾಜಳ ಕಿವಿ ಬಿಸಿಯಾಯಿತು. ಬಳಗದವರ ಸಣ್ಣ ಫೋನಿನಲ್ಲಿ ಕಾಣಲಿ ಎಂದು ಅವಳು ಬೆಳಕು ಹೆಚ್ಚಿಸಿ ಕಳಿಸಿದ ತುಣುಕು ಅದು. ಕಳಿಸುವಾಗ ಇದು ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸಿರಲಿಲ್ಲ. ಹೊಲದ ಬೇಲಿ ತಾನೇ ಕಿತ್ತು ಶಂಕ್ರಪ್ಪನ ಎತ್ತು ಒಳಗೆ ಬಿಟ್ಟಂತಾಗಿತ್ತು.

"ಹೌದ್ರಿ, ಅದು ನಾನ ಬೆಳಕು ಹೆಚ್ಚು ಮಾಡಿದ್ದು," ಎಂದಳು, ತಲೆ ತಗ್ಗಿಸದೆ. "ಆ ತುಣುಕನ್ನ ಪಕ್ಕಕ್ಕಿಡ್ರಿ. ಅದನ್ನ ನಾ ಸಾಕ್ಷಿ ಅಂತ ಕೊಡಾಕತ್ತಿಲ್ಲ. ಲ್ಯಾಪ್‌ಟಾಪಿನ್ಯಾಗ ಇರೋದು ತಕರಾರು ಹಾಕೋ ಮುಂದ ಪಂಚಾಯ್ತಿಯವ್ರ ಕೊಟ್ಟ ಮೂಲ ವಿಡಿಯೊ, ಕೈ ಹಚ್ಚಿಲ್ಲ."

"ಹಂಗಂತ ನೀವು ಹೇಳ್ಲಿಕತ್ತೀರಿ," ಎಂದರು ಸುಯಮೀಂದ್ರ. ಮೊದಲ ಸಲ ಅವರು ಕುರ್ಚಿಯಲ್ಲಿ ಮುಂದೆ ಬಾಗಿದ್ದರು. "ನಿಮ್ಮ ಲ್ಯಾಪ್‌ಟಾಪ್ ನಾ ನಂಬಂಗಿಲ್ಲ. ಇವರ ಕಂಪ್ಯೂಟರೂ ನಂಬಂಗಿಲ್ಲ. ಇಲ್ಲೇ, ನನ್ನ ಕಣ್ಣ ಮುಂದ, ಇದೇ ಕಂಪ್ಯೂಟರಿನಾಗ ತೋರಿಸ್ರಿ. ಮೂಲ ವಿಡಿಯೊ ಯಾರ ಹತ್ರ ಅದ?"

ಮೂಲೆಯಲ್ಲಿ ನಿಂತಿದ್ದ ಪವನ ಕೈ ಎತ್ತಿದ. ಪಂಚಾಯ್ತಿಯ ಡಾಟಾ ಎಂಟ್ರಿ ಆಪರೇಟರ್ ಅವನು. ತಲೆಯ ಮೇಲೆ ಬೆಳ್ಳಿ ಕೂದಲು ಮೂಡಿದರೂ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅದಕ್ಕೇ ಎರಡೂ ಕಡೆಯವರ ಮುಖ ತಪ್ಪಿಸಿ ನೆಲ ನೋಡುತ್ತಿದ್ದ. "ನಾನ ಶೂಟ್ ಮಾಡಿದ್ದರಿ. ನನ್ನ ಫೋನಿನ ಕಾರ್ಡಿನ್ಯಾಗ ಇನ್ನೂ ಐತಿ. ಅಳಿಸಿಲ್ಲ."

ಶಂಕ್ರಪ್ಪ ಅವನತ್ತ ಬೀರಿದ ನೋಟ ಬೇರೆಯವರ ಮೇಲೆ ಬಿದ್ದಿದ್ದರೆ ಅವರು ಬಾಗಿಲ ಹೊರಗೆ ಹೋಗುತ್ತಿದ್ದರು. ಪವನ ಹೋಗಲಿಲ್ಲ. ಕಾರ್ಡು ತೆಗೆದು ಅಧಿಕಾರಿಯ ಕೈಗೇ ಕೊಟ್ಟ.

ಗುಲ್ನಾಜ ಪಂಚಾಯ್ತಿಯ ಕಂಪ್ಯೂಟರಿನ ಮುಂದೆ ಕೂತಳು. ಕಾರ್ಡಿನೊಳಗಿನ ಫೈಲು, ಕಂಪ್ಯೂಟರಿನಲ್ಲಿದ್ದ ಫೈಲು, ತನ್ನ ಲ್ಯಾಪ್‌ಟಾಪಿನ ಫೈಲು, ಮೂರರ ಗಾತ್ರ ಮತ್ತು ತಾರೀಖು ತೋರಿಸಿದಳು. ಒಂದೇ. ಕಾರ್ಡಿನಿಂದಲೇ ನೇರ ಹಚ್ಚಿದಳು. ಬಾಗಿಲು ಕಪ್ಪು.

"ಬಂತಲ್ಲ ನಿನ್ನ ಮೂಲ!" ಎಂದ ಶಂಕ್ರಪ್ಪ.

"ಬರ್ಲಿ ಬಿಡ್ರಿ. ಕಾರ್ಡಿನ್ಯಾಗೂ ಅದ ಐತಿ, ನನ್ನ ಹತ್ರನೂ ಅದ ಐತಿ ಅಂತ ಈಗ ಖಾತ್ರಿ ಆತು. ವಿಡಿಯೊ ಒಂದ. ತೋರಸೋದ್ರಾಗ ಫರಕು."

ಮಾನಿಟರಿನ ಗುಂಡಿ ಒತ್ತಿ ಬೆಳಕು ಪೂರ್ತಿ ಏರಿಸಿದಳು. ಕಪ್ಪು ಬೂದಿಯ ಬಣ್ಣಕ್ಕೆ ತಿರುಗಿತು, ಒಳಗೆ ಒಂದು ಗೆರೆಯೂ ಮೂಡಲಿಲ್ಲ. ಅಂದರೆ ತಪ್ಪು ಪರದೆಯ ಗಾಜಿನದಲ್ಲ. ಗಾಜಿಗೆ ಬರುವ ಮೊದಲೇ ಹೆಂಗಸರನ್ನು ಯಾರೋ ಕಳೆದಿದ್ದಾರೆ. ಪ್ಲೇಯರಿನ ಒಳಗಿನ ಬ್ರೈಟ್‌ನೆಸ್, ಕಾಂಟ್ರಾಸ್ಟ್ ನೋಡಿದಳು. ಎಲ್ಲ ಇದ್ದಲ್ಲೇ ಇದ್ದವು, ಯಾರೂ ಮುಟ್ಟಿರಲಿಲ್ಲ. ಆಮೇಲೆ ತನ್ನ ಪೆನ್‌ಡ್ರೈವಿನಲ್ಲಿದ್ದ ಇನ್ನೊಂದು ಪ್ಲೇಯರ್ ತೆರೆದು, ಅದೇ ಕಂಪ್ಯೂಟರಿನಲ್ಲಿ, ಅದೇ ಕಾರ್ಡಿನ ವಿಡಿಯೊ ಹಚ್ಚಿದಳು.

ಹೆಂಗಸರು ಬಂದರು.

ಮಂಜವ್ವ ಚಪ್ಪಾಳೆ ಹೊಡೆದಳು. ರೋಶನಬಿ ಅವಳ ಕೈ ಹಿಡಿದು ತಡೆದಳು. "ತಡಿಯ, ಅಧ್ಯಕ್ಷರು ಇನ್ನೂ ಬೈದಿಲ್ಲ."

"ಬೈಯೋದ ಏನೈತಿ?" ಎಂದ ಶಂಕ್ರಪ್ಪ. "ನೀ ತಂದ ಪ್ಲೇಯರು ನೀ ಹೇಳಿದ್ದ ತೋರಸ್ತೈತಿ. ನಾ ಸಾಕಿದ ನಾಯಿ ನಾ ಕರದ್ರ ಬರಂಗಿಲ್ಲೇನು? ಪಂಚಾಯ್ತಿ ಪ್ಲೇಯರು ಸರಕಾರದ್ದು. ಅದು ಸುಳ್ಳು ಹೇಳೂದುಲ್ಲ."

"ಸರಕಾರದ್ದು ಅಂದ್ರ ಸುಳ್ಳು ಹೇಳೂದುಲ್ಲ ಅನ್ನೋ ಮಾತು ಇವತ್ತ ಮೊದಲ ಕೇಳಿದೆ ನೋಡ್ರಿ," ಎಂದಳು ಗುಲ್ನಾಜ.

ಸುಯಮೀಂದ್ರ ನಗಲಿಲ್ಲ. ಪರದೆಯ ಮೇಲೆ ಎರಡೂ ಪ್ಲೇಯರಿನ ಕಿಟಕಿಗಳನ್ನು ಪಕ್ಕಪಕ್ಕ ಇಡಿಸಿ, ಒಂದೇ ಗಳಿಗೆಯಲ್ಲಿ ನಿಲ್ಲಿಸಲು ಹೇಳಿದರು. ಎಡಕ್ಕೆ ಖಾಲಿ ಬಾಗಿಲು, ಬಲಕ್ಕೆ ತುಂಬಿದ ಬಾಗಿಲು. ಅವರು ಬಹಳ ಹೊತ್ತು ನೋಡಿದರು.

"ನಮ್ಮ ಅಜ್ಜಂದು ತಾಡೋಲಿ ಪ್ರತಿ ತಾಳೆ ನೋಡೋ ಕೆಲಸ ಇತ್ತು," ಎಂದರು ಕೊನೆಗೆ. "ಒಂದ ಗ್ರಂಥದ್ದು ಎರಡು ಪ್ರತಿ. ಒಂದರಾಗ ಒಂದು ಸಾಲು ಅದ, ಇನ್ನೊಂದರಾಗ ಇಲ್ಲ. ಯಾವುದು ಖರೆ? ಇವರು ಸೇರಿಸ್ಯಾರೋ, ಅವರು ಬಿಟ್ಟಾರೋ? ಅಜ್ಜ ಆ ಸಾಲು ನೋಡ್ತಿರಲಿಲ್ಲ. ಬಿಟ್ಟಾವ ಒಂದ ಕಡೆ ಬಿಡಂಗಿಲ್ಲ, ಬ್ಯಾರೆ ಕಡೆನೂ ಬಿಟ್ಟಿರ್ತಾನ, ಅದನ್ನ ಹುಡುಕು ಅಂತಿದ್ದ. ಜಗಳ ಇಲ್ಲದ ಜಾಗದಾಗ." ಗುಲ್ನಾಜಳ ಕಡೆ ತಿರುಗಿದರು. "ಬಾಗಿಲ ಬಿಡ್ರಿ. ಜಗಳ ಇಲ್ಲದ ಜಾಗ ತೋರಿಸ್ರಿ. ನಾವೆಲ್ಲಾರೂ ಕಣ್ಣಾರೆ ಹೋಗಿ ನೋಡಬಹುದಾದ್ದು."

ಗುಲ್ನಾಜ ಪರದೆಯತ್ತ ಬಾಗಿದಳು. ಇಷ್ಟು ದಿನ ಕತ್ತಲನ್ನೇ ನೋಡಿದ್ದಳು, ತಾಯಿ ಅಲ್ಲಿದ್ದಳೆಂದು. ಈಗ ಬೆಳಕನ್ನು ನೋಡಿದಳು. ಗಂಡಸರ ಬಿಳಿ ಅಂಗಿ, ಪ್ಲಾಸ್ಟಿಕ್ ಕುರ್ಚಿ, ಬಿಳಿ ಗೋಡೆ. ಎಡಗಡೆಯ ಗೋಡೆ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಬಲಗಡೆಯ ಗೋಡೆ ಹಾಗಿರಲಿಲ್ಲ. ಅದರ ಮೇಲೆ ಏನೋ ಇತ್ತು, ಹಾಲಿನೊಳಗೆ ಕೆನೆ ಕಂಡಂತೆ. ದೊಡ್ಡದು ಮಾಡಿದಳು. ಅಕ್ಷರ.

ಅವಳಿಗೆ ನಗು ಬಂತು. ತಡೆದುಕೊಂಡಳು.

"ಅಧ್ಯಕ್ಷರ, ಒಂದು ಮಾತು ಕೇಳ್ತೇನಿ. ಸಭಾಕ್ಕ ಮೊದಲು ಎಲಿಮನಿ ಗೋಡಿಗೆ ಸುಣ್ಣ ಹೊಡಿಸಿದವ್ರು ಯಾರ್ರಿ?"

"ನಾನ. ಪಂಚಾಯ್ತಿ ಗೋಡಿ, ಪಂಚಾಯ್ತಿ ಸುಣ್ಣ."

"ಸುಣ್ಣದ ಕೆಳಗ ಏನಿತ್ರಿ?"

"ಏನಿರ್ತೈತಿ? ಗೋಡಿ ಇತ್ತು."

"ನಾವು ಬರದಿದ್ದು ಇತ್ತು," ಎಂದು ಮಂಜವ್ವ ಗೋಡೆ ಬಿಟ್ಟು ಮುಂದೆ ಬಂದಳು. "ಎಲಿಮನಿ ನಮ್ಮದು ಅಂತ ಕೆಮ್ಮಣ್ಣಿನ್ಯಾಗ ನಾವ ಬರದಿದ್ವಿ. ಅದನ್ನ ಮುಚ್ಚಾಕಂತ ಸುಣ್ಣ ಹೊಡಿಸಿದ್ರಿ."

"ಹೊಡಿಸಿದೆ ಅಂತ ತಿಳಿ. ಮುಚ್ಚಿ ಹೋತಲ್ಲ. ಈಗ ಗೋಡಿ ಸ್ವಚ್ಛ ಐತಿ. ನೋಡು, ವಿಡಿಯೊದಾಗ ಹೆಂಗ ಫಳಫಳ ಹೊಳ್ಯಾಕತ್ತೈತಿ!" ಶಂಕ್ರಪ್ಪ ಎಡಗಡೆಯ ಕಿಟಕಿಗೆ ಬೆರಳಿಟ್ಟ. "ಒಂದು ಅಕ್ಷರ ತೋರ್ಸು, ಈ ಖುರ್ಚಿ ಬಿಟ್ಟು ಏಳ್ತೇನಿ."

"ಖುರ್ಚಿ ಆಮ್ಯಾಲಿನ ಮಾತು," ಎಂದಳು ಗುಲ್ನಾಜ. "ಸಾಹೇಬ್ರ, ಈ ಪಂಚಾಯ್ತಿ ಪ್ಲೇಯರು ಗೋಡಿ ಮ್ಯಾಲ ಏನೂ ಇಲ್ಲ ಅಂತೈತಿ. ನನ್ನ ಪ್ಲೇಯರು ಅಕ್ಷರ ಅದಾವು ಅಂತೈತಿ. ಎಲಿಮನಿ ಇಲ್ಲೇ ರಸ್ತೆ ದಾಟಿದ್ರ ಬರ್ತೈತಿ. ಗೋಡಿ ಅಂತೂ ನಾ ಎಡಿಟ್ ಮಾಡಿಲ್ಲ."

ಸುಯಮೀಂದ್ರ ಎದ್ದರು. ಅವರ ಹಿಂದೆ ಇಡೀ ಕಚೇರಿ ಎದ್ದಿತು. ರಸ್ತೆ ದಾಟುವಾಗ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನೂ ಎಮ್ಮೆ ಬಿಟ್ಟು ಹಿಂದೆ ಬಂದ. ಎಲಿಮನಿಯ ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು. ದೂರದಿಂದ ಗೋಡೆ ಬೆಳ್ಳಗೇ ಇತ್ತು. ಹತ್ತಿರ ಹೋದಂತೆ ಸುಣ್ಣದ ಕೆಳಗಿನಿಂದ ಮಸುಕು ಕೆಂಪು ಮೇಲೆದ್ದು ಬಂತು. ಕೆಮ್ಮಣ್ಣು ಹಟಮಾರಿ, ಒಂದು ಕೈ ಸುಣ್ಣಕ್ಕೆ ಬಗ್ಗುವುದಿಲ್ಲ. ಎಲಿಮನಿ ನಮ್ಮದು. ಕೊನೆಯ ಅಕ್ಷರ ಸ್ವಲ್ಪ ಡೊಂಕು. ಬರೆಯುವಾಗ ಏಣಿ ಅಲುಗಿತ್ತು.

ಸುಯಮೀಂದ್ರ ಗೋಡೆಗೆ ಬೆರಳು ತಾಗಿಸಿ ನೋಡಿದರು. ಬೆರಳಿಗೆ ಸುಣ್ಣ ಹತ್ತಿತು, ಕೆಂಪು ಹತ್ತಲಿಲ್ಲ. ಇವತ್ತು ಬರೆದದ್ದಲ್ಲ.

"ಅಂದ್ರ ಪಂಚಾಯ್ತಿ ಪ್ಲೇಯರ್ ಈ ಅಕ್ಷರಾ ಬಿಟ್ಟದ," ಎಂದರು. "ಇಷ್ಟು ದೊಡ್ಡ ಅಕ್ಷರ."

"ಅಕ್ಷರಾ ತಿಂದಾವ ಮನಶ್ಯಾರನ್ನ ಬಿಡ್ತಾನೇನ್ರಿ?" ಎಂದಳು ಮಂಜವ್ವ.

ಶಂಕ್ರಪ್ಪ ಗೋಡೆಯನ್ನು ನೋಡಿದ. ಸುಣ್ಣ ಹೊಡೆದವನನ್ನು ಮನಸ್ಸಿನಲ್ಲೇ ಏನೇನು ಬೈದುಕೊಂಡನೋ. "ಸಾಹೇಬ್ರ, ಗೋಡಿ ಬ್ಯಾರೆ, ಎಣಿಕಿ ಬ್ಯಾರೆ," ಎಂದ. ದನಿಯಲ್ಲಿ ಮುಂಚಿನ ತೂಕವಿರಲಿಲ್ಲ. "ನಮ್ಮ ಪ್ಲೇಯರು ಕೆಟ್ಟೈತಿ ಅಂದ್ರ ಯಾಕ ಕೆಟ್ಟೈತಿ ಹೇಳ್ಲಿ. ಗೊತ್ತಿಲ್ಲದ ಹೆಂಗ ಒಪ್ಪೂದು?"

"ಹೇಳ್ತೇನಿ ಬರ್ರಿ," ಎಂದಳು ಗುಲ್ನಾಜ.

ಹೇಳುತ್ತೇನೆ ಎಂದದ್ದು ಸರಿ, ಕಾರಣ ಇನ್ನೂ ಸಿಕ್ಕಿರಲಿಲ್ಲ. ಆದರೆ ದಾರಿ ಕಂಡಿತ್ತು. ತೀರಾ ಕಪ್ಪೂ ಹೋಗಿದೆ, ತೀರಾ ಬಿಳುಪೂ ಹೋಗಿದೆ, ನಡುವಿನದು ಉಳಿದಿದೆ. ಎರಡೂ ತುದಿ ಒಟ್ಟಿಗೆ ಹೋಗಬೇಕಾದರೆ ಅಳತೆಯೇ ತಪ್ಪಿರಬೇಕು. ವಾಪಸು ಬಂದು ಪಂಚಾಯ್ತಿಯ ಪ್ಲೇಯರಿನ ಸೆಟ್ಟಿಂಗ್ ತೆರೆದಳು. ವಿಡಿಯೊ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸುವ ಒಂದು ಗುರುತು ಅಲ್ಲಿತ್ತು. ತೆಗೆದಳು. ಮತ್ತೆ ಹಚ್ಚಿದಳು.

ಬಾಗಿಲ ಒಳಗೆ ಹೆಂಗಸರು. ಗೋಡೆಯ ಮೇಲೆ ಅಕ್ಷರ.

ಗುರುತು ಹಾಕಿದಳು. ಹೆಂಗಸರು ಹೋದರು, ಅಕ್ಷರ ಹೋಯಿತು.

"ಅಬ್ಬಾ!" ಎಂದ ಎಮ್ಮೆಯವನು, ಕಿಟಕಿಯಾಚೆಯಿಂದ.

"ಪ್ಲೇಯರಿಂದು ತಪ್ಪಲ್ಲ," ಎಂದಳು ಗುಲ್ನಾಜ. ಈಗ ಅವಳ ಬೆರಳುಗಳಿಗೆ ಅನುಮಾನವಿರಲಿಲ್ಲ. "ಅದು ತನ್ನ ಕೆಲಸ ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಸ್ತೈತಿ. ಕೆಡಸಾಕತ್ತಿದ್ದು ಅದು. ನನ್ನ ಪ್ಲೇಯರು ತನ್ನ ಕೆಲಸ ತಾನ ಮಾಡ್ಕೊಂತೈತಿ, ಅದಕ್ಕ ಪಾರಾಗೈತಿ." ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗಿಗೆ ಹೋದಳು. ವಿಡಿಯೊದ ಬಣ್ಣ ಹೇಗಿರಬೇಕು ಎಂಬಲ್ಲಿ ಎರಡು ಆಯ್ಕೆ: ಪ್ಲೇಯರ್ ಹೇಳಿದ ಹಾಗೆ, ಇಲ್ಲವೇ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಹೇಳಿದ ಹಾಗೆ. ಗುರುತು ಎರಡನೆಯದರ ಮೇಲಿತ್ತು. ಅದರ ಕೆಳಗೆ ರೇಂಜ್: ಲಿಮಿಟೆಡ್.

"ಇದ ನೋಡ್ರಿ ಸಾಹೇಬ್ರ. ಕಂಪ್ಯೂಟರು ಬೆಳಕನ್ನ ಸೊನ್ನಿಯಿಂದ ಇನ್ನೂರಾ ಐವತ್ತೈದರ ತನಕ ಅಳೀತೈತಿ. ಸೊನ್ನಿ ಅಂದ್ರ ಕಪ್ಪು, ಕಡೀದು ಬಿಳುಪು. ಪವನಣ್ಣನ ಫೋನು ಪೂರಾ ಅಳತಿ ತುಂಬೇತಿ. ಹಳೇ ಟಿವಿ ಲೆಕ್ಕದ ವಿಡಿಯೊ ಹಂಗಿರಂಗಿಲ್ಲ, ಎರಡೂ ಕಡೆ ಒಂಚೂರು ಜಾಗ ಬಿಟ್ಟಿರ್ತಾವು. ಇಲ್ಲಿ ಕುಂತ ಡ್ರೈವರು ಎಲ್ಲಾ ವಿಡಿಯೊನೂ ಟಿವಿ ಲೆಕ್ಕದ್ದು ಅಂತ ತಿಳ್ಕೊಂಡೈತಿ. ಹದಿನಾರರ ಕೆಳಗಿಂದೆಲ್ಲಾ ಬರೇ ಕಪ್ಪು, ಇನ್ನೂರಾ ಮೂವತ್ತೈದರ ಮ್ಯಾಲಿಂದೆಲ್ಲಾ ಬರೇ ಬಿಳುಪು ಅಂತ ಕತ್ತರಿಸಿ ಒಗದೈತಿ."

"ಎಲಿ ತೊಟ್ಟು, ತುದಿ ಚಿವುಟಿದಂಗಾತು," ಎಂದಳು ರೋಶನಬಿ. ಬಂದಾಗಿನಿಂದ ಅವಳು ಅಧಿಕಾರಿಗೆ ಕೇಳುವಂತೆ ಆಡಿದ ಮೊದಲ ಮಾತು. "ತಿನ್ನೋ ಮುಂದ ತೊಟ್ಟು ಮುರೀತೇವಿ, ತುದಿ ಚಿವುಟ್ತೇವಿ, ನಡುವಿಂದ ಬಾಯಿಗೆ ಹಾಕ್ತೇವಿ."

"ಹೌದಮ್ಮಾ, ಹಂಗ. ತೊಟ್ಟಿನ್ಯಾಗ ನೀವು ಕುಂತಿದ್ರಿ, ತುದಿ ಮ್ಯಾಲ ನಿಮ್ಮ ಅಕ್ಷರ ಇತ್ತು. ಎರಡೂ ಹೋದವು."

"ಇದನ್ನ ಮಾಡಿದವರು ಯಾರು?" ಎಂದು ಸುಯಮೀಂದ್ರ ಕೇಳಿದರು.

 ಪವನ ಗಂಟಲು ಸರಿ ಮಾಡಿಕೊಂಡ. "ಸರ, ಹೋದ ವರ್ಷ ಸಭಾಭವನದ ದೊಡ್ಡ ಟಿವಿಗೆ ಈ ಕಂಪ್ಯೂಟರ್ ಜೋಡಿಸಿದ್ವಿ. ಚಿತ್ರ ಪೇಲವ ಬರಾಕತ್ತಿತ್ತು. ರಿಪೇರಿಯಾವ ಬಂದು ಏನೋ ಒತ್ತಿದಾ, ಗಾಢ ಆತು. ಟಿವಿ ತಗದಮ್ಯಾಲ ಯಾರೂ ತಿರುಗಿ ನೋಡಲಿಲ್ಲರಿ. ನಾನೂ ನೋಡಲಿಲ್ಲ."

"ಕೇಳಿದ್ರಿಲ್ಲ!" ಶಂಕ್ರಪ್ಪನಿಗೆ ಉಸಿರು ಬಂತು. "ರಿಪೇರಿಯವನ ತಪ್ಪು. ನಮ್ಮದೇನೈತಿ ಇದ್ರಾಗ? ಮಶೀನು ತೋರಿಸಿದ್ದು ನಾವು ಎಣಿಸಿದ್ವಿ."

ಗುಲ್ನಾಜ ಕುರ್ಚಿಯನ್ನು ಪೂರ್ತಿ ಅವನ ಕಡೆ ತಿರುಗಿಸಿದಳು.

"ಇಲ್ಲಿ ಕೇಳ್ರಿ ಅಧ್ಯಕ್ಷರ. ಮಶೀನಿಗೆ ನಮ್ಮ ಮ್ಯಾಲ ಸಿಟ್ಟಿಲ್ಲ. ನಿಮ್ಮ ಮ್ಯಾಲ ಪ್ರೀತಿನೂ ಇಲ್ಲ. ಅದು ಕಪ್ಪು ತೋರ್ಸಿತು, ಅಷ್ಟ. ಆ ಸಭಾದಾಗ ನೀವು ಎದುರಿಗೆ ಕುಂತಿದ್ರಿ. ಒಳಗಿನಿಂದ ಮಂಜವ್ವ ಬೈದದ್ದು ನಿಮ್ಮ ಕಿವಿಗೆ ಬಿದ್ದಿತ್ತು. ಖಾಲಿ ಬಾಗ್ಲಾ ನಿಮ್ಮ ಮನಿತನದ ಹೆಸರ ಹಿಡದು ಬೈತೈತೇನ್ರಿ? ಒಳಗ ಹೆಣ್ಮಕ್ಕಳಿದ್ದದ್ದು ನಿಮಗ ಗೊತ್ತು, ಪಿಡಿಒ ಅವ್ರಿಗೆ ಗೊತ್ತು, ಊರಿಗೆ ಗೊತ್ತು. ಪರದಿ ಮ್ಯಾಲ ಕಾಣಲಿಲ್ಲ ಅಂದ ಕೂಡ್ಲೆ ಎದ್ದು ಹೋಗಿ ಯಾಕ ಕಾಣವಲ್ರು ಅಂತ ಒಬ್ರೂ ಕೇಳಲಿಲ್ಲ. ಕಾಣಲಿಲ್ಲ ಅನ್ನೋದು ಮಶೀನು. ಇಲ್ಲ ಅಂತ ಬರದಿದ್ದು ನೀವು."

 ಶಂಕ್ರಪ್ಪನ ಹಿಂದೆ ನಿಂತವರಲ್ಲಿ ಒಬ್ಬ ಬಾಗಿಲ ಕಡೆ ಸರಿದ. ಅವನ ಹೆಂಡತಿಯೂ ಎಲಿಮನಿಯಲ್ಲಿ ಕಟ್ಟು ಕಟ್ಟುವವಳೇ.

ಗುಲ್ನಾಜ ಗುರುತನ್ನು ಮೇಲಿನ ಆಯ್ಕೆಗೆ ಸರಿಸಿ, ಪ್ಲೇಯರಿನ ಸೆಟ್ಟಿಂಗನ್ನು ಮೊದಲಿದ್ದಂತೆಯೇ ಇಟ್ಟು, ಪಂಚಾಯ್ತಿಯ ಪ್ಲೇಯರಿನಲ್ಲಿ ಪಂಚಾಯ್ತಿಯ ವಿಡಿಯೊ ಹಚ್ಚಿದಳು. ಯಾರ ಪೆನ್‌ಡ್ರೈವೂ ಇಲ್ಲ, ಯಾರ ಎಡಿಟ್ಟೂ ಇಲ್ಲ. ಬಾಗಿಲು ತೆರೆದುಕೊಂಡಿತು.

ಸುಯಮೀಂದ್ರ ಎಣಿಸಲು ಶುರು ಮಾಡಿದರು. ನಿಲ್ಲಿಸಿ, ಮುಂದೆ ಬಿಟ್ಟು, ಮತ್ತೆ ನಿಲ್ಲಿಸಿ. ಒಂಬತ್ತು ಕೈ. ಆರು ಕೈ ಕೊರತೆಗೆ ಒಂಬತ್ತು. ಗುಲ್ನಾಜ ತಾಯಿಯತ್ತ ನೋಡಿ ಕಣ್ಣರಳಿಸಿದಳು. ರೋಶನಬಿ ನೋಡುತ್ತಿದ್ದದ್ದು ಮಂಜವ್ವನನ್ನು.

"ಹೇಳ," ಎಂದಳು ರೋಶನಬಿ, ಮೊಳಕೈಯಿಂದ ತಿವಿದು.

"ಏನು ಹೇಳ್ಲಿ?"

"ನಿನಗ ಗೊತ್ತೈತಿ."

ಮಂಜವ್ವ ಸೆರಗು ಸರಿ ಮಾಡಿಕೊಂಡಳು. "ಸಾಹೇಬ್ರ, ಒಂದು ಕೈ ಕಡಿಮಿ ಮಾಡ್ಕೊರ್ರಿ."

"ಯಾಕವ್ವಾ?"

"ನಾ ಎರಡೂ ಕೈ ಎತ್ತೇನಿ."

"ಎರಡೂ ಯಾಕ ಎತ್ತಿದ್ರಿ?"

"ಒಂದು ಸಾಲದಂಗ ಅನ್ನಿಸ್ತರಿ. ನಮ್ಮನ್ನ ಯಾರ ನೋಡ್ತಾರ ಇಷ್ಟು ದೂರದಿಂದ, ಒಂದಕ್ಕೆರಡು ಎತ್ತಿದ್ರ ಒಂದರ ಕಂಡೀತು ಅಂತ. ಎರಡೂ ಕಾಣಲಿಲ್ಲ, ಆ ಮಾತು ಬ್ಯಾರೆ."

ಆ ಹೊತ್ತಿಗೆ ಸುಯಮೀಂದ್ರ ನಕ್ಕರು. ಪವನನೂ ನಕ್ಕ. ಶಂಕ್ರಪ್ಪ ಹಾರಿಬಿದ್ದ: "ನೋಡ್ರಿ ನೋಡ್ರಿ, ಕಳ್ಳ ಓಟು! ಬಾಯಿಲೆ ಒಪ್ಕೊಂಡಾಳ!"

"ಒಪ್ಕೊಂಡಾರ, ಅದಕ್ಕ ಒಂದು ಕಳದೇನಿ," ಎಂದರು ಸುಯಮೀಂದ್ರ. "ಎಂಟು ಉಳದಾವ. ನಿಮಗ ಆರು ಹೆಚ್ಚಿಗಿದ್ದವು. ಇನ್ನೂ ಎರಡು ಇವರದ ಹೆಚ್ಚು, ಅಧ್ಯಕ್ಷರ. ಆ ಬಾಯಿ ತನ್ನ ವಿರುದ್ಧನೂ ಖರೆ ಹೇಳ್ತದ ಅಂದಮ್ಯಾಲ ಬಾಗಿಲೊಳಗ ಯಾರ್ಯಾರಿದ್ರು ಅಂತ ಅದು ಹೇಳೋದನ್ನ ನಾ ನಂಬ್ತೀನಿ."

ಮಂಜವ್ವ ಹೇಳಿದ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆದರು. ಪರದೆಯ ಮೇಲಿನ ಒಂದೊಂದು ಕೈಗೂ ಒಂದೊಂದು ಹೆಂಗಸು ಎದುರು ಬಂದು ನಿಂತಳು. ಶಾಕೀರಾ ಬರುವಾಗ ಎಲೆಯ ನೀರು ಸೀರೆಗೆ ಒರೆಸಿಕೊಳ್ಳುತ್ತ ಬಂದಳು. ರೋಶನಬಿಯ ಸರದಿ ಬಂದಾಗ ಅವಳು ಪರದೆಯನ್ನಾಗಲಿ ಅಧಿಕಾರಿಯನ್ನಾಗಲಿ ನೋಡಲಿಲ್ಲ. ಶಂಕ್ರಪ್ಪನ ಎದುರು ನಿಂತು, ಅಂದು ಎತ್ತಿದ ಹಾಗೆಯೇ ಕೈ ಎತ್ತಿದಳು. ಬಹಳ ಹೊತ್ತು ಇಳಿಸಲಿಲ್ಲ.

ಸುಯಮೀಂದ್ರ ಪವನನಿಗೆ ಟೈಪು ಮಾಡಲು ಹೇಳಿದರು. ಮಳಿಗೆಯ ಠರಾವು ಬಿದ್ದುಹೋಗಿದೆ. ಎಲಿಮನಿ ಎಲಿಮನಿಯಾಗಿಯೇ ಇರತಕ್ಕದ್ದು.

"ಇನ್ನೊಂದು ಹಾಕಿಸ್ರಿ ಸಾಹೇಬ್ರ," ಎಂದಳು ಗುಲ್ನಾಜ. "ಇನ್ನ ಮುಂದ ಕೈ ಎಣಸೋರು ಎದ್ದು ಎಲಿಮನಿ ಬಾಗ್ಲಾಕ ಬಂದು ಎಣಸಬೇಕು. ವಿಡಿಯೊ ಇರ್ಲಿ, ಬಿಡ್ಲಿ."

"ಹಾಕ್ರಿ," ಎಂದರು ಸುಯಮೀಂದ್ರ. ಪವನ ಆಗಲೇ ಟೈಪು ಮಾಡುತ್ತಿದ್ದ.

ಶಂಕ್ರಪ್ಪ ಹೋಗುವಾಗ ಮಂಜವ್ವ ಅವನನ್ನು ಹಾಗೆಯೇ ಬಿಡಲಿಲ್ಲ. "ಅಧ್ಯಕ್ಷರ, ಖುರ್ಚಿ ಬಿಟ್ಟು ಏಳ್ತೇನಿ ಅಂದಿದ್ರಿ. ನಾಕು ಮಂದಿ ಮುಂದ ಆಡಿದ ಮಾತು. ಖುರ್ಚಿ ಇರ್ಲಿ ಬಿಡ್ರಿ, ಸುಣ್ಣದಾವನ್ನ ಮತ್ತ ಕರೀಬ್ಯಾಡ್ರಿ, ಅಷ್ಟ ಸಾಕು."

ಅವನು ಸರಸರನೆ ಹೊರಟ. ಚಪ್ಪಲಿ ಮೆಟ್ಟಿಕೊಂಡದ್ದೂ ಅದಲುಬದಲಾಗಿತ್ತು. ಅಂಗಳದಲ್ಲಿ ನಿಂತು ಸರಿ ಮಾಡಿಕೊಂಡ.

ಅಧ್ಯಕ್ಷ, ಅಧಿಕಾರಿ ಎದ್ದು ಹೋದ ಮೇಲೂ ಹೆಂಗಸರು ಕದಲಲಿಲ್ಲ. ಕಂಪ್ಯೂಟರಿನ ಸುತ್ತ ಮುತ್ತಿಕೊಂಡಿದ್ದರು.

"ಇನ್ನೊಮ್ಮಿ ಹಚ್ಚಪಾ ಪವನ," ಎಂದಳು ಮಂಜವ್ವ. "ನಾ ಎರಡೂ ಕೈ ಎತ್ತೋದು ಬರ್ತೈತಲ್ಲ, ಅಲ್ಲಿಂದ."

ಪವನ ಹಚ್ಚಿದ. ಬಾಗಿಲ ಒಳಗಿನ ಕತ್ತಲಲ್ಲಿ ಒಂದೊಂದೇ ಕೈ ಮೇಲೆದ್ದವು. ಇದು ಶಾಕೀರಾ, ಇದು ಗೌಡರ ಓಣಿಯಾಕಿ, ಇದು ರೋಶನಬಿ, ಇವೆರಡೂ ನಂದು ಎಂದು ಅವರು ಬೆರಳಿಟ್ಟು ಎಣಿಸಿದರು, ಮೂಗು ನೋಡಿ ನಕ್ಕರು. ಪವನ ಗುಲ್ನಾಜಳನ್ನು ಕೇಳಿದ, "ಅಕ್ಕಾರ, ಈ ಸೆಟ್ಟಿಂಗ್ ಹಿಂಗ ಬಿಡ್ಲೇನ್ರಿ?"

"ಹಿಂಗ ಬಿಡ್ರಿ. ಯಾರರ ಬಂದು ಮುಟ್ಟಿದ್ರ ಗೋಡಿ ಅಕ್ಷರ ನೋಡ್ರಿ. ಅದು ಕಾಣವಲ್ದು ಅಂದ್ರ ಮಂದಿನೂ ಕಾಣವಲ್ರು ಅಂತ ತಿಳ್ಕೊರ್ರಿ."

ರೋಶನಬಿ ಬಾಗಿಲಲ್ಲಿ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. "ನಿಮ್ಮ ಮೂಗು ಆಮ್ಯಾಲೆ ನೋಡ್ಕೊರ್ರಿ," ಎಂದಳು. "ಏಳ್ರಿ ಸಾಕು, ಅಕ್ಕಿಆಲೂರ ಸಂತಿ ಎಲಿ ಇನ್ನೂ ಕಟ್ಟಿಲ್ಲ. ನೀರು ಹೊಡೀಲಿಲ್ಲಂದ್ರ ಬಾಡ್ತಾವು."